ಶಸ್ತ್ರಚಿಕಿತ್ಸೆಯ ದಿನ ನಿಗದಿಯಾಯಿತೇ? ಮೊದಲು ಹಿಮೋಗ್ಲೋಬಿನ್ ನೋಡಿಸಿ

‘ತುರ್ತಾಗಿ ಎರಡು ಬಾಟಲಿ ರಕ್ತ ಬೇಕಾಗಿದೆ’ ಎಂಬ ಸಂದೇಶ ಮಂಗಳೂರು, ಉಡುಪಿಯ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹೊಸದಲ್ಲ. ಅಪಘಾತವಾದಾಗ ಆ ಧಾವಂತ ಸಹಜ. ಆದರೆ ತಿಂಗಳ ಮೊದಲೇ ದಿನ ಗೊತ್ತಾದ ಮಂಡಿ ಬದಲಾವಣೆಗೋ ಗರ್ಭಕೋಶದ ಶಸ್ತ್ರಚಿಕಿತ್ಸೆಗೋ ಹಿಂದಿನ ರಾತ್ರಿ ದಾನಿಗಳಿಗಾಗಿ ಅಲೆಯುವುದನ್ನು ಬಹಳಷ್ಟು ಸಲ ತಪ್ಪಿಸಬಹುದು. ಕಾಲೇಜುಗಳಿಗೆ ರಜೆ ಬಿದ್ದು ರಕ್ತದಾನ ಶಿಬಿರಗಳು ಕಡಿಮೆಯಾಗುವ ಬೇಸಿಗೆಯಲ್ಲಿ ನೀವು ಉಳಿಸಿದ ಒಂದು ಬಾಟಲಿ, ಹೆರಿಗೆಯಲ್ಲಿ ರಕ್ತಸ್ರಾವವಾದ ತಾಯಿಯೊಬ್ಬಳಿಗೆ ಸಿಗುತ್ತದೆ.

ಮೊದಲ ಕೆಲಸ ಹಿಮೋಗ್ಲೋಬಿನ್ ಪರೀಕ್ಷೆ. ಅದು ದಾಖಲಾಗುವ ದಿನ ಆಗುವುದಲ್ಲ, ಕನಿಷ್ಠ ನಾಲ್ಕು ವಾರ ಮೊದಲೇ ಆಗಬೇಕು. ಮಹಿಳೆಯರಲ್ಲಿ 12, ಪುರುಷರಲ್ಲಿ 13 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದು ಲೆಕ್ಕ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಜೊತೆಗೆ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿದರೆ ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂಬುದು ತಿಳಿಯುತ್ತದೆ. ಕಾರಣವನ್ನೂ ಹುಡುಕಬೇಕು: ಅತಿಯಾದ ಮುಟ್ಟು, ಮೂಲವ್ಯಾಧಿ, ಹೊಟ್ಟೆಯ ಹುಣ್ಣು. ಮುಂದೂಡಬಹುದಾದ ಶಸ್ತ್ರಚಿಕಿತ್ಸೆಯನ್ನು ರಕ್ತಹೀನತೆ ಇಟ್ಟುಕೊಂಡೇ ಮಾಡಿಸಿಕೊಳ್ಳುವ ಅವಸರ ಬೇಡ.

ಕಬ್ಬಿಣದ ಕೊರತೆ ಇದ್ದರೆ ಊಟದಿಂದಷ್ಟೇ ಕೆಲವು ವಾರಗಳಲ್ಲಿ ತುಂಬಿಕೊಳ್ಳುವುದು ಕಷ್ಟ. ಹರಿವೆ, ನುಗ್ಗೆ ಸೊಪ್ಪು, ಹುರುಳಿ ಸಾರು, ಮೀನು ತಿನ್ನುವವರಿಗೆ ಮರುವಾಯಿ (ಚಿಪ್ಪುಮೀನು) ಎಲ್ಲವೂ ಒಳ್ಳೆಯವೇ. ಆದರೂ ವೈದ್ಯರು ಕೊಟ್ಟ ಮಾತ್ರೆ ಬೇಕು. ಅದನ್ನು ನಿಂಬೆ ಶರಬತ್ತಿನ ಜೊತೆ ನುಂಗಿ. ಚಹಾ, ಕಾಫಿ, ಹಾಲು ಕಬ್ಬಿಣವನ್ನು ರಕ್ತಕ್ಕೆ ಸರಿಯಾಗಿ ಸೇರಲು ಬಿಡುವುದಿಲ್ಲ, ಎರಡು ಗಂಟೆ ಅಂತರವಿರಲಿ. ಮಲ ಕಪ್ಪಾದರೆ ಗಾಬರಿ ಬೇಡ. ದಿನಕ್ಕೊಂದರ ಬದಲು ದಿನ ಬಿಟ್ಟು ದಿನ ತೆಗೆದುಕೊಂಡರೆ ಹೊಟ್ಟೆಗೂ ಹಿತವೇ ಎಂದು ವೈದ್ಯರನ್ನು ಕೇಳಿ. ಮಾತ್ರೆ ಒಗ್ಗದಿದ್ದರೆ, ಸಮಯವೂ ಕಡಿಮೆ ಇದ್ದರೆ ಡ್ರಿಪ್ ಮೂಲಕ ಕಬ್ಬಿಣ ಕೊಡುತ್ತಾರೆ. ಅದರ ಫಲ ಕಾಣಲೂ ಎರಡು ಮೂರು ವಾರ ಬೇಕು.

ನೀವು ಸೇವಿಸುವ ಎಲ್ಲ ಔಷಧಗಳ ಪಟ್ಟಿ ಬರೆದು ಒಯ್ಯಿರಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್, ಜೊತೆಗೆ ನೋವಿನ ಮಾತ್ರೆ, ಮನೆಯ ಕಷಾಯ, ಏನನ್ನೂ ಬಿಡಬೇಡಿ. ಆದರೆ ಯಾವುದನ್ನೂ ನೀವಾಗಿ ನಿಲ್ಲಿಸಕೂಡದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಹಾಗೆ ಮಾಡಿದರೆ ಪ್ರಾಣಕ್ಕೇ ಅಪಾಯ.

ಶಸ್ತ್ರಚಿಕಿತ್ಸಕರನ್ನೂ ಅರಿವಳಿಕೆ ತಜ್ಞರನ್ನೂ ಭೇಟಿಯಾದಾಗ ಸಂಕೋಚವಿಲ್ಲದೆ ಕೇಳಿ: ‘ರಕ್ತಸ್ರಾವ ಕಡಿಮೆ ಮಾಡಲು ಟ್ರಾನೆಕ್ಸಾಮಿಕ್ ಆಮ್ಲ ಕೊಡುತ್ತೀರಾ?’ 1962ರಲ್ಲಿ ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಶೋಸುಕೆ ವರದಿ ಮಾಡಿದ ಈ ಔಷಧ, ಹೆಪ್ಪುಗಟ್ಟಿದ ರಕ್ತ ಮತ್ತೆ ಕರಗದಂತೆ ತಡೆಯುತ್ತದೆ. ಹೃದಯವನ್ನು ಹೊರತುಪಡಿಸಿ ಇತರ ಶಸ್ತ್ರಚಿಕಿತ್ಸೆಗೊಳಗಾದ 9,500ಕ್ಕೂ ಹೆಚ್ಚು ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಂಭೀರ ರಕ್ತಸ್ರಾವದ ಪ್ರಮಾಣ ಶೇ 11.7ರಿಂದ 9.1ಕ್ಕೆ ಇಳಿದಿತ್ತು. ಬೆಲೆಯೂ ದುಬಾರಿಯಲ್ಲ. ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದರೆ, ಅಪಸ್ಮಾರವಿದ್ದರೆ ಮುಂಚಿತವಾಗಿ ಹೇಳಿ. ದೊಡ್ಡ ಆಸ್ಪತ್ರೆಗಳಲ್ಲಿ ‘ಸೆಲ್ ಸೇವರ್’ ಯಂತ್ರವಿದೆಯೇ ಎಂದೂ ವಿಚಾರಿಸಿ. ಗಾಯದಿಂದ ಹರಿದ ರಕ್ತವನ್ನು ಹೀರಿ, ತೊಳೆದು, ಕೆಂಪು ಕಣಗಳನ್ನು ಅದೇ ರೋಗಿಗೆ ಮರಳಿಸುತ್ತದೆ. ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಆದ್ದರಿಂದ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ರೋಗಿಯನ್ನು ಬೆಚ್ಚಗಿಡುವುದೂ ಮುಖ್ಯ.

ಶಸ್ತ್ರಚಿಕಿತ್ಸೆಯ ನಂತರದ ಘಟ್ಟದಲ್ಲಿ ಒತ್ತಡ ಹಾಕುವವರು ಅನೇಕ ಸಲ ಮನೆಯವರೇ: ‘ಸುಸ್ತಾಗಿದ್ದಾರೆ, ಶಕ್ತಿಗೆ ಒಂದು ಬಾಟಲಿ ಏರಿಸಿ ಡಾಕ್ಟ್ರೇ.’ ದಯವಿಟ್ಟು ಹಾಗೆ ಕೇಳಬೇಡಿ. ರಕ್ತ ಟಾನಿಕ್ ಅಲ್ಲ. ಅಲರ್ಜಿ, ಶ್ವಾಸಕೋಶದ ತೊಂದರೆ, ಸೋಂಕಿನ ಅಪಾಯ ಅದಕ್ಕೂ ಇದೆ. ರಕ್ತಸ್ರಾವ ನಿಂತು ಸ್ಥಿರವಾಗಿರುವ ರೋಗಿಗೆ ಸಾಮಾನ್ಯವಾಗಿ ಹಿಮೋಗ್ಲೋಬಿನ್ 7ಕ್ಕಿಂತ, ಹೃದ್ರೋಗಿಗಳಿಗೆ 8ಕ್ಕಿಂತ ಕೆಳಗಿಳಿದರಷ್ಟೇ ಕೊಡುವುದು ಇಂದಿನ ಪದ್ಧತಿ. ಒಂದು ಬಾಟಲಿಗೆ ಸುಮಾರು ಒಂದು ಗ್ರಾಂ ಏರುತ್ತದೆ. ಕೊಟ್ಟ ಮೇಲೆ ಪರೀಕ್ಷಿಸಿ, ಬೇಕಿದ್ದರೆ ಮಾತ್ರ ಎರಡನೆಯದು. ಆದರೆ ರಕ್ತ ಬೇಕೇ ಬೇಕು ಎಂದು ವೈದ್ಯರು ಹೇಳಿದಾಗ ಒಂದು ಕ್ಷಣವೂ ಹಿಂಜರಿಯಬೇಡಿ.

ಮನೆಗೆ ಮರಳುವಾಗ ಡಿಸ್ಚಾರ್ಜ್ ಚೀಟಿಯಲ್ಲಿ ಹಿಮೋಗ್ಲೋಬಿನ್ ಬರೆದಿದೆಯೇ, ಕಬ್ಬಿಣದ ಮಾತ್ರೆ ಎಷ್ಟು ದಿನ ಎಂದು ನಮೂದಾಗಿದೆಯೇ ನೋಡಿಕೊಳ್ಳಿ. ನಾಲ್ಕು ವಾರಗಳ ನಂತರ ಮತ್ತೊಮ್ಮೆ ಪರೀಕ್ಷೆ ಮಾಡಿಸಿ.