ಒಬ್ಬರ ಹೊಲದಲ್ಲಿ ಮುಗಿಯದ ಕೆಲಸ: ತೊಗರಿ ಬೆಳೆಗಾರರ ಸಂಘದಲ್ಲಿ ನನ್ನ ಅನುಭವ

ಕಲಬುರಗಿ ಜಿಲ್ಲೆಯ ಎರೆ ಭೂಮಿಯಲ್ಲಿ ತೊಗರಿ ಬೆಳೆಯುವ ನಮ್ಮಂಥವರು ಸಂಘ ಕಟ್ಟಲು ಮುಂದಾಗುವುದು ಸಾಮಾನ್ಯವಾಗಿ ಬೆಲೆಯ ಸಲುವಾಗಿ. ದರ ಬಿದ್ದಾಗ ಮನವಿ ಕೊಡಬೇಕು, ಖರೀದಿ ಕೇಂದ್ರ ತೆರೆಸಬೇಕು ಎಂಬ ಉದ್ದೇಶದಿಂದಲೇ ನಮ್ಮ ಭಾಗದ ಬೆಳೆಗಾರರೂ ಒಂದುಗೂಡಿದರು. ಅದರ ಪದಾಧಿಕಾರಿಯಾಗಿ ಹಲವು ಹಂಗಾಮು ಕೆಲಸ ಮಾಡಿದ ಮೇಲೆ ನನಗೆ ಖಚಿತವಾಗಿರುವುದು ಬೇರೆ. ಬೆಲೆಗಾಗಿ ಮಾತ್ರ ಕೂಡಿದ ಸಂಘ ಬೆಲೆ ಏರಿದ ವರ್ಷವೇ ಸಡಿಲಾಗುತ್ತದೆ. ಒಬ್ಬರ ಹೊಲದಲ್ಲಿ ಮುಗಿಯದಂಥ ಕೆಲಸವನ್ನು ಕೈಗೆತ್ತಿಕೊಂಡು, ಅದಕ್ಕಾಗಿ ಹೊರಗಿನವರ ಜೊತೆಗೂ ಕೂಡಿ ದುಡಿಯುವ ಸಂಘ ಗಟ್ಟಿಯಾಗುತ್ತದೆ.

ತೊಗರಿಯ ಕಾಯಿ ಕೊರೆದು ತಿನ್ನುವ ಕಾಯಿಕೊರಕ ಕೀಡೆಯನ್ನೇ ನೋಡಿ. ತತ್ತಿಯಿಡುವ ಅದರ ಪತಂಗಕ್ಕೆ ಬದುವಿನ ಲೆಕ್ಕವಿಲ್ಲ. "ನಾ ಎಣ್ಣಿ ಹೊಡದೀನ್ರಿ, ಬಾಜೂ ಹೊಲದವ್ರು ಹೊಡದಿಲ್ರಿ, ಕೀಡಿ ಮತ್ತ ಬಂದಾವ" (ಎಣ್ಣಿ ಎಂದರೆ ನಮ್ಮಲ್ಲಿ ಕೀಟನಾಶಕ) ಎಂಬ ಮಾತು ತೊಗರಿ ಹೂವಾಡುವ ಕಾಲಕ್ಕೆ ಪ್ರತಿ ಊರಿನಲ್ಲೂ ಕೇಳಿಬರುತ್ತಿತ್ತು. ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿಗಳನ್ನು ಕರೆಸಿ ಭಾಷಣ ಮಾಡಿಸುವುದರ ಬದಲು, ಅವರನ್ನು ಹೊಲಕ್ಕೇ ಕರೆದುಕೊಂಡು ಹೋಗಿ ನಾವು ಒಂದು ಕ್ರಮ ಹಾಕಿಕೊಂಡೆವು. ಹೆಣ್ಣು ಪತಂಗದ ವಾಸನೆಯಿಂದ ಗಂಡು ಪತಂಗಗಳನ್ನು ಸೆಳೆದು ಹಿಡಿಯುವ ಮೋಹಕ ಬಲೆಯನ್ನು ಎಕರೆಗೆ 2ರಂತೆ ಕಟ್ಟುವುದು, ಬಿದ್ದ ಪತಂಗಗಳನ್ನು ಬೆಳಿಗ್ಗೆ ಎಣಿಸಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕುವುದು, ಗಿಡಕ್ಕೆ 2 ತತ್ತಿ ಅಥವಾ 1 ಕೀಡೆ ಕಂಡಾಗ ಅಕ್ಕಪಕ್ಕದ ಹೊಲದವರೆಲ್ಲ ಒಂದೇ ಹೊತ್ತಿನಲ್ಲಿ ಸಿಂಪಡಿಸುವುದು. ಮೊದಲ ಸಿಂಪರಣೆ ಬೇವಿನದು: 5 ಕಿಲೋ ಬೇವಿನ ಬೀಜದ ಪುಡಿಯನ್ನು ರಾತ್ರಿ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, 100 ಲೀಟರ್ ಮಾಡಿಕೊಳ್ಳುತ್ತೇವೆ. ಇಷ್ಟು ಬೀಜವನ್ನು ಬೇಸಿಗೆಯಲ್ಲೇ ಆಯ್ದು ಒಣಗಿಸಿಡಬೇಕಾದ್ದರಿಂದ, ಆ ಕೆಲಸವನ್ನು ಊರಿನ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳಿಗೆ ದರ ಗೊತ್ತುಮಾಡಿ ಒಪ್ಪಿಸಿದೆವು.

ಬಲಿತ ಕೀಡೆ ಔಷಧಕ್ಕೆ ಸುಲಭವಾಗಿ ಸಾಯುವುದಿಲ್ಲ. ಅದಕ್ಕೆ ಗಿಡ ಅಲುಗಿಸುವುದೇ ಒಳ್ಳೆಯ ಉಪಾಯ. ಎರಡು ಸಾಲುಗಳ ನಡುವೆ ಇಬ್ಬರು ತಾಡಪತ್ರಿ ಹಿಡಿದು ನಡೆಯುತ್ತಾರೆ, ಮೂರನೆಯವರು ಗಿಡದ ನಡು ಹಿಡಿದು ಅದರ ಮೇಲೆ ಬಗ್ಗಿಸಿ ಎರಡು ಸಲ ಜಾಡಿಸುತ್ತಾರೆ. ಹಸಿರು, ಕಂದು, ತಿಳಿಗೆಂಪು ಬಣ್ಣದ ಕೀಡೆಗಳು ಉದುರಿದ ಹೂವಿನ ಜೊತೆ ತಾಡಪತ್ರಿಯ ಮೇಲೆ ಬಿದ್ದು ಸುರುಳಿ ಸುತ್ತಿಕೊಳ್ಳುತ್ತವೆ. ಅವು ಅಂಚು ತಲುಪುವ ಮೊದಲೇ ತಾಡಪತ್ರಿ ಮಡಚಿ ಅವನ್ನು ಒಂದೆಡೆ ಕೂಡಿಸಬೇಕು. ಈ ಕೆಲಸದಲ್ಲೂ ಹೆಣ್ಣುಮಕ್ಕಳೇ ಮುಂದು. ಯಾವ ಹೊಲದಲ್ಲಿ ಕೀಡೆ ಹೆಚ್ಚಿದೆ ಎಂಬುದು ಹೊಲದ ಯಜಮಾನರಿಗಿಂತ ಮೊದಲು ಅವರಿಗೇ ತಿಳಿಯುತ್ತಿತ್ತು. ಆದ್ದರಿಂದಲೇ ಅವರನ್ನು ಸಂಘದ ಸಭೆಗೆ ಕರೆದು ಕೂರಿಸಿದೆವು, ಮುಂದೆ ಷೇರುದಾರರನ್ನಾಗಿಯೂ ಮಾಡಿಕೊಂಡೆವು. ಸಂಘದ ಬಲ ಹೆಚ್ಚಿದ್ದು ಇಲ್ಲಿಂದ ಎಂದು ನಾನು ನಂಬಿದ್ದೇನೆ.

ಬೀಜದ ಕೆಲಸದಲ್ಲಂತೂ ನೆರೆಯವರ ಒಪ್ಪಿಗೆಯಿಲ್ಲದೆ ಹೆಜ್ಜೆಯಿಡಲಾಗದು. ನಮ್ಮಲ್ಲಿ ಬಹುಕಾಲ ನಡೆದ ಮಾರುತಿ ತಳಿ, ಗಿಡವನ್ನು ಒಣಗಿಸುವ ನೆಟೆ ರೋಗವನ್ನು ತಡೆದರೂ, ಗಿಡ ಹೂ-ಕಾಯಿ ಬಿಡದಂತೆ ಮಾಡುವ ಗೊಡ್ಡು ರೋಗಕ್ಕೆ ಬೇಗ ತುತ್ತಾಗುತ್ತದೆ. ಹಾಗಾಗಿ ರಾಯಚೂರು ಕೃಷಿ ವಿಶ್ವವಿದ್ಯಾಲಯದಿಂದ ಜಿಆರ್‌ಜಿ-811 ತಳಿಯ ಬೀಜ ತಂದು ಸಂಘದಲ್ಲೇ ಬೀಜೋತ್ಪಾದನೆ ಮಾಡಲು ನಿರ್ಧರಿಸಿದೆವು. ತೊಗರಿಯ ಹೂವಿಗೆ ಜೇನ್ನೊಣ ಬರುತ್ತದೆ, ಪರಾಗ ಬೆರೆಯುತ್ತದೆ. ಆದ್ದರಿಂದ ಪ್ರಮಾಣಿತ ಬೀಜದ ಹೊಲಕ್ಕೂ ಬೇರೆ ತಳಿಯ ತೊಗರಿಗೂ ನಡುವೆ ಕನಿಷ್ಠ 100 ಮೀಟರ್ ಅಂತರ ಇರಲೇಬೇಕು. ಎಲ್ಲಿ ನೋಡಿದರೂ ತೊಗರಿಯೇ ಇರುವ ಸೀಮೆಯಲ್ಲಿ ಅಷ್ಟು ಅಂತರ ಎಲ್ಲಿಂದ ತರುವುದು? ಸುತ್ತಲಿನ ಹೊಲದವರ ಮನೆಗಳಿಗೆ ಹೋಗಿ, ಅವರಲ್ಲಿ ಸದಸ್ಯರಲ್ಲದವರಿಗೂ ಅದೇ ತಳಿಯ ಬೀಜವನ್ನು ಸಂಘದ ಖರ್ಚಿನಲ್ಲಿ ಕೊಟ್ಟೆವು. ಒಪ್ಪದವರಿಗೆ ಗಡಿಯ ಅಂಚಿನಲ್ಲಿ ತೊಗರಿಯ ಬದಲು ಹೆಸರುಕಾಳು ಅಥವಾ ಸೋಯಾ ಬಿತ್ತಲು ಕೇಳಿಕೊಂಡೆವು. ಬೀಜದ ಹೊಲದಿಂದ ಬೇರೆ ತಳಿಯ ಬೆರಕೆ ಗಿಡ ಕೀಳುವ ದಿನ ಅವರೂ ಬಂದು ನೋಡಿದರು. ಅವರಲ್ಲಿ ಹಲವರು ಮುಂದಿನ ಮುಂಗಾರಿನ ಹೊತ್ತಿಗೆ ತಾವಾಗಿಯೇ ಸದಸ್ಯತ್ವ ಕೇಳಿದರು.

ಅನುದಾನದ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. 2020ರಲ್ಲಿ ಆರಂಭವಾದ ಕೇಂದ್ರದ ಯೋಜನೆಯಡಿ ಬಯಲು ಸೀಮೆಯ ರೈತ ಉತ್ಪಾದಕ ಸಂಸ್ಥೆಗೆ (ರೈತರೇ ಷೇರು ಹಾಕಿ ನಡೆಸುವ ಸಂಘಕ್ಕೆ) ಕನಿಷ್ಠ 300 ಸದಸ್ಯರಿರಬೇಕು. ಸದಸ್ಯರ ಷೇರು ಹಣಕ್ಕೆ ಸರಿಸಮನಾಗಿ ತಲಾ 2,000 ರೂಪಾಯಿವರೆಗೆ, ಒಟ್ಟು 15 ಲಕ್ಷದ ಮಿತಿಯಲ್ಲಿ, ಷೇರು ಅನುದಾನ ದೊರೆಯುತ್ತದೆ. ಇದು ನಿಜವಾಗಿಯೂ ದೊಡ್ಡ ಆಸರೆ. ಆದರೆ ಈ ಲೆಕ್ಕಕ್ಕಾಗಿ ಹೆಸರು ಬರೆಸಿದ ಸಂಘಗಳು ಫಲಕ ತೂಗುಹಾಕಿದಲ್ಲಿಗೇ ನಿಂತಿರುವುದನ್ನು ನೋಡಿದ್ದೇನೆ. ಕೆಲಸ ಮೊದಲು ಇರಬೇಕು, ನೋಂದಣಿ ಅದರ ಹಿಂದೆ ಬರಬೇಕು.

ಬೆಲೆಯ ಪ್ರಶ್ನೆಯೂ ಈ ದಾರಿಯಲ್ಲೇ ಹತೋಟಿಗೆ ಬಂತು. 2024–25ರ ಹಂಗಾಮಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 7,550 ರೂಪಾಯಿ ಇತ್ತು. ಆದರೆ ತೇವಾಂಶ ಶೇ 12 ಮೀರಿದರೆ ಖರೀದಿ ಕೇಂದ್ರದಲ್ಲಿ ಮಾಲು ತೆಗೆದುಕೊಳ್ಳುವುದಿಲ್ಲ. ಅಲ್ಲಿಯವರೆಗೆ ಒಯ್ದು ಮರಳಿ ತರುವ ಬಾಡಿಗೆಯೇ ಸಣ್ಣ ರೈತರನ್ನು ಅಡತಿ ಅಂಗಡಿಗೆ ದೂಡುತ್ತಿತ್ತು. ನೆರೆಯ ಸಂಘವೊಂದರ ಜೊತೆ ಪಾಲು ಹಾಕಿ ತೇವಾಂಶ ಮಾಪಕವನ್ನೂ ಕಸ ತೆಗೆಯುವ ಯಂತ್ರವನ್ನೂ ಕೊಂಡು, ಸರದಿಯ ಮೇಲೆ ಕಣದಿಂದ ಕಣಕ್ಕೆ ಒಯ್ಯುತ್ತೇವೆ. ಸ್ವಚ್ಛ ಮಾಲು ಒಂದೇ ಕಡೆ ಸಿಗುತ್ತದೆ ಎಂದು ತಿಳಿದ ಬಳಿಕ ದಾಲ್ ಮಿಲ್‌ನವರೂ ನೇರವಾಗಿ ಮಾತಿಗೆ ಬಂದರು.

ಈಗ ನಮ್ಮ ಮುಂದಿರುವುದು ಭೌಗೋಳಿಕ ಸೂಚಕದ ಕೆಲಸ, ಅಂದರೆ ಒಂದು ಸೀಮೆಯ ಮಾಲಿಗೆ ಮಾತ್ರ ಆ ಸೀಮೆಯ ಹೆಸರು ಸಲ್ಲುವಂತೆ ಮಾಡುವ ಮಾನ್ಯತೆಯ ಕೆಲಸ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಆ ಮಾನ್ಯತೆ ದೊರೆತಿದೆ; ಆ ಹೆಸರಿನಲ್ಲಿ ಮಾರಲು ಬೆಳೆಗಾರರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಸದಸ್ಯರ ಅರ್ಜಿಗಳನ್ನು ಊರೂರಿನಲ್ಲಿ ತುಂಬಿಸುತ್ತಿದ್ದೇವೆ. ಹೊರಗಿನ ತೊಗರಿ ನಮ್ಮ ಚೀಲಗಳಲ್ಲಿ ಬೆರೆಯದಂತೆ ಪ್ರತಿ ಚೀಲಕ್ಕೂ ಹೊಲದ ಸರ್ವೆ ನಂಬರ್ ಬರೆಯುವ ಪದ್ಧತಿಯನ್ನು ನೆರೆಯ ಸಂಘವೂ ಒಪ್ಪಿದ್ದು, ಬರುವ ರಾಶಿಯಿಂದ ಎರಡೂ ಸಂಘಗಳು ಒಂದೇ ದಾಖಲೆ ಪುಸ್ತಕ ಇಡಲಿವೆ.