ಮರ ಹತ್ತಿದ ಕಾಡುಬಳ್ಳಿಯನ್ನು ಕಿತ್ತ ನನ್ನ ಅನುಭವ

ಮೂಡಿಗೆರೆ ಕಡೆ ನಮ್ಮ ಮನೆ. ಹಿತ್ತಲಲ್ಲಿ ಒಂದು ಹಲಸು, ನಾಲ್ಕು ಸಿಲ್ವರ್ ಓಕ್ ಮರ, ಒಂದು ಚಕ್ಕೋತ. ಹಲಸಿಗೂ ಸಿಲ್ವರ್‌ಗೂ ಕಾಳುಮೆಣಸು ಹಬ್ಬಿಸಿದ್ದೇವೆ. 2021ರಲ್ಲಿ ಮರಗಸಿ ಮಾಡಿಸಿದೆವು, ಅಂದರೆ ನೆರಳು ಕಮ್ಮಿಯಾಗಲೆಂದು ಕೊಂಬೆ ಸವರಿಸಿದೆವು. ಬಿಸಿಲು ಬಿದ್ದ ಕಡೆಯೆಲ್ಲ ಮಳೆ ಶುರುವಾದ ಮೇಲೆ ಮೈಕೇನಿಯಾ ಅನ್ನುವ ಕಳೆಬಳ್ಳಿ ಎದ್ದಿತು. ನಮ್ಮನೇಲಿ ಸುಮ್ನೆ ಕಾಡುಬಳ್ಳಿ ಅಂತೀವಿ, ಆದರೆ ಇದು ನಮ್ಮ ಕಾಡಿನದಲ್ಲ, ಮಧ್ಯ ಮತ್ತು ದಕ್ಷಿಣ ಅಮೆರಿಕದಿಂದ ಬಂದದ್ದು. ಆಗಸ್ಟ್ ಹೊತ್ತಿಗೆ ಚಕ್ಕೋತದ ನೆತ್ತಿಯೇ ಕಾಣುತ್ತಿರಲಿಲ್ಲ.

ಆ ವರ್ಷ ವೀಡ್ ಕಟರ್ ಬಾಡಿಗೆಗೆ ತಂದು ಹೊಡೆಸಿದೆ. ಒಂದೇ ದಿನಕ್ಕೆ ಹಿತ್ತಲು ಚೊಕ್ಕ. ಆದರೆ ಸ್ವಲ್ಪ ದಿನದಲ್ಲೇ ಮೊದಲಿಗಿಂತ ಜಾಸ್ತಿ ಬಂತು! ಯಾಕೆ ಅಂತ ಗೊತ್ತಾಗಿದ್ದು ಬಾವಿಕಟ್ಟೆ ಮೇಲೆ ಬಿದ್ದಿದ್ದ ಗೇಣುದ್ದದ ತುಂಡು ನೋಡಿದಾಗ. ಗಿಣ್ಣಿನಿಂದ ದಾರದೆಳೆಯಂಥ ಬಿಳಿ ಬೇರು ಹೊರಟು ಪಾಚಿಯೊಳಗೆ ಇಳಿದಿತ್ತು, ಅಲ್ಲೇ ಎರಡು ಎಳೆ ಎಲೆ. ಮೆಷಿನ್ ಒಂದು ಬಳ್ಳಿಯನ್ನು ಕೊಚ್ಚಿ ನೂರು ಸಸಿ ಮಾಡಿತ್ತು.

ಕಳೆನಾಶಕ ಹೊಡೆಯಲು ಮನಸ್ಸು ಬರಲಿಲ್ಲ. ಅದೇ ಮರದಲ್ಲಿ ಮೆಣಸಿದೆ, ಒಂದು ಹನಿ ಹಾರಿದರೂ ಅದಕ್ಕೇ ಪೆಟ್ಟು. ಕತ್ತಿ ಹಿಡಿದು ನಾನೇ ಇಳಿದೆ. ಮೊದಲು ಬಳ್ಳಿ ಹಿಡಿದು ಜಗ್ಗಲು ಹೋದೆ. ಕೆಲಸಕ್ಕೆ ಬರುವ ಅಕ್ಕ ತಡೆದರು: "ಎಳೀಬೇಡಿ ಅಮ್ಮಾ, ಮೆಣಸಿನ ಬಳ್ಳಿನೂ ಕಿತ್ಕೊಂಡು ಬರ್ತದೆ." ಹಾಗಾಗಿ ಬುಡದಲ್ಲಿ ಒಂದು ಸಲ, ಸೊಂಟದೆತ್ತರದಲ್ಲಿ ಇನ್ನೊಂದು ಸಲ ಕಡಿದು, ನಡುವಿನ ತುಂಡು ತೆಗೆದುಬಿಟ್ಟೆವು. ಆ ಅಂತರ ಬೇಕೇ ಬೇಕು, ಇಲ್ಲದಿದ್ದರೆ ಮೇಲಿನಿಂದ ನೇತಾಡುವ ತುದಿ ಒದ್ದೆ ಮಣ್ಣಿಗೆ ತಾಗಿ ಮತ್ತೆ ಬೇರು ಬಿಡುತ್ತದೆ. ಮೇಲಿನದು ಮರದಲ್ಲೇ ಒಣಗಿ ಉದುರಿತು. ಹಲಸಿನ ಕವೆಯಲ್ಲಿ ಮಾತ್ರ ತರಗು ಕೊಳೆತು ಮಣ್ಣಾಗಿದ್ದ ಕಡೆ ಬೇರೂರಿತ್ತು, ಏಣಿ ಹಾಕಿ ತೆಗೆಸಬೇಕಾಯಿತು.

ಕಡಿಯುವ ಮುಂಚೆ ಎಲೆ ನೋಡಿ. ಅಮೃತಬಳ್ಳಿಯ ಎಲೆಯೂ ಹೃದಯದ ಆಕಾರವೇ, ಪಕ್ಕದ ಮನೆಯವರು ಗೊತ್ತಾಗದೆ ಅದನ್ನೇ ಕಡಿದುಬಿಟ್ಟಿದ್ದರು, ಪಾಪ. ಮೈಕೇನಿಯಾದ ಎಲೆ ಗಿಣ್ಣಿಗೆ ಎರಡರಂತೆ ಎದುರುಬದುರು ಇರುತ್ತವೆ. ಅಮೃತಬಳ್ಳಿಯಲ್ಲಾಗಲಿ ಮೆಣಸಿನಲ್ಲಾಗಲಿ ಒಂದು ಗಿಣ್ಣಿಗೆ ಒಂದೇ ಎಲೆ.

ಬುಡ ಕೀಳಲು ಮಣ್ಣು ಹಸಿ ಇರಬೇಕು. ಕಿತ್ತದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಅಲ್ಲೇ ಚಿಗುರುತ್ತದೆ. ನಾವು ಕೊಟ್ಟಿಗೆ ಮಾಡಿನಡಿ ತಂತಿಗೆ ನೇತುಹಾಕಿ, ಮುರಿದರೆ ಲಟ್ ಅನ್ನುವವರೆಗೂ ಒಣಗಿಸಿದೆವು.

ಎಲ್ಲಕ್ಕಿಂತ ಮುಖ್ಯ ಸಮಯ. ಮಳೆ ನಿಂತ ಮೇಲೆ ಬಿಳಿ ಹೂ ಬಿಟ್ಟು, ಹತ್ತಿಯಂಥ ಕೂದಲಿರುವ ಸಣ್ಣ ಬೀಜ ಗಾಳಿಗೆ ಹಾರುತ್ತದೆ. ಅಷ್ಟೊತ್ತಿಗೆ ಕಾಫಿ ಕೊಯ್ಲು ಶುರುವಾಗಿ ಒಬ್ಬ ಆಳೂ ಸಿಗಲ್ಲ, ಅಲ್ವಾ? ಅದಕ್ಕೇ ನಾನು ಸೆಪ್ಟೆಂಬರ್‌ನಲ್ಲೇ ಮುಗಿಸುತ್ತೇನೆ. ಎರಡು ವರ್ಷ ಹದಿನೈದು ದಿನಕ್ಕೊಮ್ಮೆ ಹಿತ್ತಲು ಸುತ್ತಿ ಎಳೆಯದನ್ನು ಕಿತ್ತೆ. ಈಗ ಬೇಲಿಯಾಚೆಯಿಂದ ಮಾತ್ರ ಬರುತ್ತಿದೆ. ಆ ಜಾಗದವರನ್ನು ಕೇಳಿ, ಹೋದ ವಾರ ಅಲ್ಲೂ ಬುಡ ಕಿತ್ತು ಬಂದೆವು.