ಸೊಪ್ಪಿಗೆ ಜಿಡ್ಡು ಬೇಕು ಕಣ್ರವ್ವ

ನಮ್ಮ ಸೊಸೆ ಒಳ್ಳೆಯವಳು, ಅದನ್ನ ಮೊದಲೇ ಹೇಳಿಬಿಡ್ತೀನಿ. ಆದರೆ ಅವಳು ಸೊಪ್ಪು ತಿನ್ನೋದನ್ನ ನೋಡಿದರೆ ಮೈಯೆಲ್ಲ ಉರಿಯುತ್ತೆ. ಹಬೇಲಿ ಬೇಯಿಸಿ, ಮೇಲೆ ನಿಂಬೆಹಣ್ಣು ಹಿಂಡಿ, ಒಂದು ತೊಟ್ಟು ಎಣ್ಣೆ ಇಲ್ಲ, ಒಂದು ಚೂರು ಕಾಯಿ ಇಲ್ಲ. ಕೇಳಿದರೆ "ಕಣ್ಣಿಗೆ ಒಳ್ಳೇದಲ್ವಾ ಅತ್ತೆ, ದಿನವೆಲ್ಲ ಕಂಪ್ಯೂಟರ್ ನೋಡ್ತೀನಿ" ಅಂತಾಳೆ. ಅತ್ತ ಮಗ ಬೆಳಿಗ್ಗೆ ಎದ್ದು ಊಟಿ ಕ್ಯಾರೆಟ್ ರುಬ್ಬಿ, ಸೋಸಿ, ಚರಟವನ್ನ ಕಸದ ಬುಟ್ಟಿಗೆ ಹಾಕಿ, ಬರೀ ಹೊಟ್ಟೇಲಿ ರಸ ಕುಡಿದು ಆಫೀಸಿಗೆ ಓಡ್ತಾನೆ. ಆ ಚರಟದಲ್ಲೇ ಬೇಕಾದಷ್ಟು ಸಾರ ಉಳಿದಿರುತ್ತೆ. ಇಬ್ಬರೂ ಓದಿದೋರು. ಅದಕ್ಕೇ ಬರೀತಿದ್ದೀನಿ.

ಸೊಪ್ಪಲ್ಲಿ, ಕ್ಯಾರೆಟ್ಟಲ್ಲಿ, ಸಿಹಿಗುಂಬಳದಲ್ಲಿ, ಪರಂಗಿ ಹಣ್ಣಲ್ಲಿ ಕಣ್ಣಿಗೆ ಬೇಕಾದ್ದು ಏನಿದೆಯೋ ಅದು ಕ್ಯಾರೊಟಿನಾಯ್ಡ್ ಅನ್ನೋ ಬಣ್ಣ. ಅದರಲ್ಲಿ ಕೆಲವನ್ನ ಮೈ ಎ ಜೀವಸತ್ವ ಮಾಡ್ಕೊಳ್ಳುತ್ತೆ. ಹಳದಿ, ಕಿತ್ತಳೆ ಎಲ್ಲ ಅದರದ್ದೇ. ಸೊಪ್ಪಲ್ಲೂ ಇರುತ್ತೆ, ಹಸಿರು ಅದನ್ನ ಮುಚ್ಚಿಟ್ಟಿರುತ್ತೆ ಅಷ್ಟೆ. ಈ ಬಣ್ಣ ನೀರಲ್ಲಿ ಕರಗಲ್ಲ, ಜಿಡ್ಡಲ್ಲಿ ಕರಗುತ್ತೆ. ಒಗ್ಗರಣೆಗೆ ಕ್ಯಾರೆಟ್ ತುರಿ ಹಾಕಿ ನೋಡಿ, ಎಣ್ಣೆ ಕೇಸರಿಯಾಗುತ್ತೆ. ನೀರಲ್ಲಿ ಬೇಯಿಸಿದರೆ ನೀರು ಅಷ್ಟು ಬಣ್ಣ ತಿರುಗಲ್ಲ. ಇದನ್ನ ನೋಡೋಕೆ ಕಾಲೇಜು ಬೇಕೇನವ್ವ? ಜಿಡ್ಡು ಸೇರದಿದ್ದರೆ ಕರುಳು ಅದನ್ನ ಸರಿಯಾಗಿ ಒಳಕ್ಕೆ ಎಳ್ಕೊಳಲ್ಲ, ಬಂದ ದಾರೀಲೇ ಹೋಗುತ್ತೆ. ಯಾವ ಎಣ್ಣೆ ಜೊತೆ ಎಷ್ಟು ಮೈಗೆ ಹತ್ತುತ್ತೆ ಅಂತ ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐನವರೇ ಕೂತು ಕೆಲಸ ಮಾಡಿದ್ದಾರೆ. 1950ರಿಂದ ಚೆಲುವಾಂಬ ಅರಮನೇಲಿ ಇರೋ ಆಹಾರ ಸಂಶೋಧನೆ ಸಂಸ್ಥೆ ಅದು. ನಮ್ಮ ಸೊಸೆ ಅದರ ಮುಂದೇನೇ ದಿನಾ ಸ್ಕೂಟರಲ್ಲಿ ಹೋಗ್ತಾಳೆ.

ಹಾಗಂತ ಎಣ್ಣೆ ಸುರೀರಿ ಅಂತಲ್ಲ. ಒಗ್ಗರಣೆಗೆ ಹಾಕೋವಷ್ಟು, ಮೇಲೊಂದು ಹಿಡಿ ಕಾಯಿತುರಿ. ಇಲ್ಲ ಅಂದರೆ ಮುದ್ದೆ ನಡುವೆ ಬೆರಳಲ್ಲಿ ಗುಂಡಿ ಮಾಡಿ ತುಪ್ಪ. ನಮ್ಮಮ್ಮ ಹುಚ್ಚೆಳ್ಳು ಹುರಿದು ಕುಟ್ಟಿ ಪಲ್ಯದ ಮೇಲೆ ಉದುರಿಸೋರು, ಅದರಲ್ಲಿರೋ ಎಣ್ಣೆಯೇ ಸಾಕಾಗ್ತಿತ್ತು. ಕ್ಯಾರೆಟ್ ಹಸೀದು ತಿನ್ನಬೇಕಾ, ಕೋಸಂಬರಿ ಮಾಡ್ಕೊಳ್ಳಿ. ಕಾಯಿ, ಒಗ್ಗರಣೆ ಎರಡೂ ಅದರಲ್ಲೇ ಬಂತು.

ಇದನ್ನೆಲ್ಲ ನಾನು ಕಲಿತದ್ದು ಅಂಗನವಾಡೀಲಿ. ರಾಜ್ಯದಲ್ಲಿ ಮೊದಲು ಅಂಗನವಾಡಿ ಶುರುವಾಗಿದ್ದು ನಮ್ಮ ತಿ. ನರಸೀಪುರ ತಾಲ್ಲೂಕಲ್ಲೇ, 1975ರ ಅಕ್ಟೋಬರ್ 2ಕ್ಕೆ. ನಾನು ಕಾರ್ಯಕರ್ತೆಯಾಗಿ ಸೇರಿದ್ದು ಅದಾಗಿ ಎಷ್ಟೋ ವರ್ಷದ ಮೇಲೆ. ಸೇರಿದ ಹೊಸತರಲ್ಲಿ ಒಂದು ಹುಡುಗ ಬರ್ತಿದ್ದ, ಮೂರೂವರೆ ವರ್ಷ ಇರಬಹುದು. ಹಗಲೆಲ್ಲ ಚೂಟಿ. ದೀಪ ಹಚ್ಚೋ ಹೊತ್ತಿಗೆ ಮಾತ್ರ ಗೋಡೆ ಬಿಟ್ಟು ಕದಲ್ತಿರಲಿಲ್ಲವಂತೆ. ತಟ್ಟೆ ಮುಂದಿಟ್ಟರೆ ನೆಲ ತಡವೋನಂತೆ. ಮನೆಯೋರು ಸಂಜೆ ಗಾಳಿ ಸೋಕಿದೆ ಅಂತ ಯಂತ್ರ ಕಟ್ಟಿಸಿದ್ದರು. ನಾನು ಬೆಳಕಿಗೆ ಕೂರಿಸಿ ಕಣ್ಣು ಬಿಡಿಸಿ ನೋಡಿದೆ. ಬಿಳೀ ಭಾಗದಲ್ಲಿ, ಕಪ್ಪುಗುಡ್ಡೆ ಪಕ್ಕದಲ್ಲಿ, ಸೋಪಿನ ನೊರೆ ಒಣಗಿ ಅಂಟ್ಕೊಂಡ ಹಾಗೆ ಒಂದು ಮಚ್ಚೆ. ಬಿಟಾಟ್ ಮಚ್ಚೆ ಅಂತ ತರಬೇತೀಲಿ ಚಿತ್ರ ತೋರಿಸಿದ್ದರು, ಕಣ್ಣಾರೆ ಕಂಡದ್ದು ಅವತ್ತೇ. ಇರುಳುಗುರುಡು. ಮೈಯಲ್ಲಿ ಎ ಜೀವಸತ್ವ ಬತ್ತಿಹೋಗಿದೆ ಅಂತ ಅರ್ಥ. ಮಬ್ಬು ಬೆಳಕಲ್ಲಿ ಕಣ್ಣು ಕಾಣೋಕೆ ಬೇಕಾದ ವಸ್ತು ಅದರಿಂದಲೇ ಆಗೋದು. ಹಾಗೇ ಬಿಟ್ಟರೆ ಕಣ್ಣು ಒಣಗಿ, ಕಪ್ಪುಗುಡ್ಡೆ ಹುಣ್ಣಾಗಿ, ದೃಷ್ಟಿಯೇ ಹೋಗುತ್ತೆ. ಭೇದಿ, ದಡಾರಕ್ಕೂ ಅಂಥ ಮಕ್ಕಳು ಬೇಗ ಸೋಲ್ತವೆ.

ಆಸ್ಪತ್ರೆಗೆ ಕಳಿಸಿ ಔಷಧ ಹಾಕಿಸಿದ್ವಿ. ವಾರದೊಳಗೆ ಸಂಜೆ ಹೊತ್ತು ಓಡಾಡೋಕೆ ಶುರು ಮಾಡ್ದ. ನನಗೆ ಹೊಟ್ಟೆ ಉರಿದದ್ದು ಆಮೇಲೆ, ಅವರ ಮನೆಗೆ ಹೋದಾಗ. ಹಿತ್ತಲಲ್ಲಿ ಆಳೆತ್ತರ ನುಗ್ಗೆಮರ! ಕಾಯಿ ಸಂತೆಗೆ, ಸೊಪ್ಪು ಆಡಿಗೆ. ಆಡುಗಳು ಕತ್ತಲಲ್ಲಿ ಎಲ್ಲಿ ಬೇಕಾದರೂ ನುಗ್ತಿದ್ದವು, ಮಗ ಗೋಡೆ ತಡವ್ತಿದ್ದ.

ಆ ವಿಟಮಿನ್ ಎ ಹನಿ ಈಗಲೂ ಹಾಕ್ತಾರೆ. ಒಂಬತ್ತು ತಿಂಗಳಿಗೆ ದಡಾರದ ಚುಚ್ಚುಮದ್ದಿನ ಜೊತೆ 1 ಲಕ್ಷ ಯೂನಿಟ್, ಆಮೇಲೆ ಆರಾರು ತಿಂಗಳಿಗೆ 2 ಲಕ್ಷ, ಐದು ವರ್ಷ ತುಂಬೋವರೆಗೆ. ತಪ್ಪಿಸಬೇಡಿ. ಆದರೆ ಮನೇಲಿ ನೀವೇ ಎ ಮಾತ್ರೆ ತಂದು ನುಂಗಿಸಬೇಡಿ, ಬಸುರಿಯರಂತೂ ಡಾಕ್ಟರು ಹೇಳದೆ ಮುಟ್ಟಲೇಬಾರದು. ಅದು ಜಾಸ್ತಿಯಾದರೆ ವಿಷ, ಹೊಟ್ಟೇಲಿರೋ ಮಗೂಗೆ ತೊಂದರೆ. ಸೊಪ್ಪು ತರಕಾರೀಲಿ ಆ ಭಯ ಇಲ್ಲ, ಮೈ ಆ ಬಣ್ಣದಲ್ಲಿ ತನಗೆ ಬೇಕಾದಷ್ಟನ್ನೇ ಎ ಮಾಡ್ಕೊಳ್ಳುತ್ತೆ. ಬಹಳ ಅಂದರೆ ಅಂಗೈ, ಮೂಗು ಹಳದಿಯಾಗಬಹುದು. ನಮ್ಮ ಪಕ್ಕದ ಮನೆ ಹುಡುಗಿ ಕೂಸಿಗೆ ಮೂರು ಹೊತ್ತೂ ಕ್ಯಾರೆಟ್ಟು, ಕುಂಬಳ ತಿನ್ನಿಸಿ, ಕಾಮಾಲೆ ಅಂತ ಅಳ್ತಾ ಬಂದಳು. ಕಣ್ಣಿನ ಬಿಳಿ ನೋಡು ಮಗಾ ಅಂದೆ. ಹಾಲಿನ ಹಾಗಿತ್ತು. ಕಾಮಾಲೆಯಾದರೆ ಮೊದಲು ಅಲ್ಲಿ ಹಳದಿ ತಿರುಗುತ್ತೆ.

ಈಗ ನುಗ್ಗೆಸೊಪ್ಪಿಗೆ ಬರ್ತೀನಿ. ಬಿಡಿಸೋದು ಬೇಜಾರು ಅಂತ ಯಾರೂ ತರಲ್ಲ, ತಂದರೂ ಕಡ್ಡಿ ಸಮೇತ ಕೊಚ್ಚಿ ಹಾಕಿ, ಗಂಟಲಿಗೆ ಚುಚ್ಚುತ್ತೆ ಅಂತ ಮುಖ ಸಿಂಡರಿಸ್ತಾರೆ. ನಾನು ಮಾಡೋದು ಕೇಳಿ. ಸೊಪ್ಪು ಸಂಜೆಗೆ ಕುಯ್ಯಿಸಿ, ಇಲ್ಲ ಸಂಜೆ ಕೊಳ್ಳಿ. ತೊಳೀಬೇಡಿ. ಒದ್ದೆ ಸೊಪ್ಪು ಕಟ್ಟಿಟ್ಟರೆ ಬೆಳಿಗ್ಗೆ ಕಪ್ಪಾಗಿ ನಾರುತ್ತೆ. ಮಾರೋನು ನೀರು ಚಿಮುಕಿಸಿದ್ದರೆ ಒಂದರ್ಧ ಗಂಟೆ ನೆರಳಲ್ಲಿ ಹರಡಿ, ಬಿಸಿಲಲ್ಲಿ ಬೇಡ, ಬಿಸಿಲಿಗೆ ಆ ಬಣ್ಣ ಸಾಯುತ್ತೆ. ಆಮೇಲೆ ಹಳೇ ನೂಲಿನ ಪಂಚೆ. ಪಾಲಿಯೆಸ್ಟರ್ ಅಲ್ಲ, ಪ್ಲಾಸ್ಟಿಕ್ ಚೀಲ ಅಂತೂ ಅಲ್ಲವೇ ಅಲ್ಲ, ನಾಕಾರು ವರ್ಷ ಒಗೆದು ಮೆತ್ತಗಾದ ಪಂಚೆ. ಕೊಂಬೆಗಳ ಬುಡವೆಲ್ಲ ಒಂದೇ ಕಡೆ ಬರೋ ಹಾಗೆ ಜೋಡಿಸಿ, ಮಗೂನ ಸುತ್ತೋ ಹಾಗೆ ಸುತ್ತಿ, ಬಿಗಿಯಾಗಿ ಗಂಟು ಹಾಕಿ, ಅಡುಗೆಮನೆ ಮೂಲೇಲಿ ಬುಟ್ಟಿ ಕವುಚಿ ಇಟ್ಟುಬಿಡಿ. ಫ್ರಿಜ್ಜಿಗೆ ಇಟ್ಟರೆ ಕೆಲಸ ಕೆಟ್ಟಿತು, ಅದಕ್ಕೆ ಒಂಚೂರು ಬೆಚ್ಚಗೆ ಬೇಕು. ಬೆಳಿಗ್ಗೆ ಗಂಟು ಬಿಚ್ಚದೆ ಹಾಗೇ ತೊಡೆ ಮೇಲೆ ಹಾಕ್ಕೊಂಡು ನಾಕು ಸಲ ತಟ್ಟಿ, ಆಮೇಲೆ ಬಿಚ್ಚಿ ಬುಡ ಹಿಡಿದು ಒದರಿ. ಮಳೆ ಸುರಿದ ಹಾಗೆ ಎಲೆ ಉದುರುತ್ತೆ! ಉಳಿದ ಸಣ್ಣ ಕಡ್ಡಿಗಳನ್ನ ಮೊರಕ್ಕೆ ಹಾಕಿ ಕೇರಿದರೆ ಒಂದು ಅಂಚಿಗೆ ಬರ್ತವೆ. ಮೊರ ಇಲ್ಲದವರು ಕೈಯಲ್ಲಿ ಆರಿಸಿ, ಏನು ಮಾಡೋದು. ಪಂಚೆಗೆ ಹಸಿರು ಕರೆ ಹತ್ತಿದರೆ ಬಿಸಿನೀರಿಗೆ ಹಾಕಬೇಡಿ, ಕಚ್ಚಿಕೊಳ್ಳುತ್ತೆ. ತಣ್ಣೀರಲ್ಲಿ ಬಾರ್ ಸೋಪು ಉಜ್ಜಿ ಬಿಸಿಲಿಗೆ ಹರವಿ. ಮೆಷಿನ್ನಿಗೆ ಬಿಳಿ ಬಟ್ಟೆ ಜೊತೆ ತುರುಕಿ ಆಮೇಲೆ ನನ್ನ ಬೈಬೇಡಿ.

ತೊಳೆಯೋದು ಒಲೆ ಹತ್ತಿಸಿದ ಮೇಲೇ. ಅಲಸಂದೆಕಾಳೋ ತೊಗರಿಬೇಳೆಯೋ ಮುಕ್ಕಾಲು ಬೆಂದಾಗ ಸೊಪ್ಪು ಹಾಕಿ, ಎರಡು ಕುದಿ, ಅಷ್ಟೇ. ಬಸೀರಿ. ಬಸಿದ ನೀರು, ಅಂದರೆ ಕಟ್ಟು, ಸಾರಿಗೆ; ಸೊಪ್ಪು ಪಲ್ಯಕ್ಕೆ. ನಮ್ಮ ಬಸ್ಸಾರು ಯಾರು ಕಂಡುಹಿಡಿದರೋ, ಪುಣ್ಯಾತ್ಗಿತ್ತಿ. ನೀರಲ್ಲಿ ಕರಗೋ ಜೀವಸತ್ವ ಕಟ್ಟಿಗೆ ಬಂತು, ಜಿಡ್ಡಲ್ಲಿ ಕರಗೋದು ಸೊಪ್ಪಲ್ಲೇ ಉಳೀತು, ಅದಕ್ಕೆ ಮೇಲಿಂದ ಎಣ್ಣೆ, ಕಾಯಿ ಬಿತ್ತು. ಕಟ್ಟನ್ನ ಸಿಂಕಿಗೆ ಚೆಲ್ಲೋರನ್ನ ನೋಡಿದ್ದೀನಿ. ಅವರ ಬಗ್ಗೆ ಏನೂ ಹೇಳಲ್ಲ.

ಹೊನ್ನಗೊನ್ನೆ, ಕೀರೆ, ದಂಟು, ಬೆರಕೆಸೊಪ್ಪು ಎಲ್ಲಕ್ಕೂ ಇದೇ ಲೆಕ್ಕ. ಹೊನ್ನಗೊನ್ನೆ ಮೊದಲು ನಾಲೆ ಬದುವಲ್ಲಿ ಬೇಕಾದಷ್ಟು ಸಿಗ್ತಿತ್ತು. ಈಗ ಬದುಗೆಲ್ಲ ಕಳೆನಾಶಕ ಹೊಡೀತಾರೆ, ಅಲ್ಲಿಂದ ಕಿತ್ತು ತರಬೇಡಿ. ಕುಂಡದಲ್ಲಿ ಒಂದು ಕಡ್ಡಿ ನೆಟ್ಟರೆ ಬರುತ್ತೆ.

ವಯಸ್ಸಾದೋರಿಗೆ ಒಂದು ಮಾತು. ಕಣ್ಣಿನ ಹಿಂಭಾಗದ ಪರದೆಯ ನಟ್ಟನಡುವೆ ಹಳದಿ ಚುಕ್ಕೆ ಇರುತ್ತೆ, ಓದೋದು, ಮುಖ ಗುರುತಿಸೋದು ಎಲ್ಲ ಅದರಲ್ಲೇ. ಆ ಹಳದಿ ಬರೋದು ಸೊಪ್ಪಲ್ಲಿರೋ ಲ್ಯೂಟೀನು, ಜಿಯಾಜಾಂಥಿನ್ನು ಅನ್ನೋ ಬಣ್ಣಗಳಿಂದ. ಮೈ ಅದನ್ನ ತಾನೇ ಮಾಡ್ಕೊಳಲ್ಲ, ತಿಂದರೇ ಬರೋದು. ಮುಸುಕಿನ ಜೋಳದಲ್ಲಿದೆ, ಮೊಟ್ಟೆ ತಿನ್ನೋರಿಗೆ ಅದರ ಹಳದೀಲಿ ಇದೆ. ಇದನ್ನೇ ಕ್ಯಾಪ್ಸೂಲ್ ಮಾಡಿ ಫೋನಲ್ಲಿ ಮಾರ್ತಾರೆ. 2013ರಲ್ಲಿ ಅಮೆರಿಕದಲ್ಲಿ ನಡೆದ ದೊಡ್ಡ ಪರೀಕ್ಷೆ ಮುಗಿದ ಮೇಲೆ, ಆ ಚುಕ್ಕೆ ಸವೆಯೋ ಕಾಯಿಲೆ ಆಗಲೇ ಒಂದು ಹಂತಕ್ಕೆ ಬಂದೋರಿಗೆ ಡಾಕ್ಟರು ಬರೆದುಕೊಡೋ ಮಾತ್ರೇಲಿ ಲ್ಯೂಟೀನ್ 10 ಮಿಲಿಗ್ರಾಂ, ಜಿಯಾಜಾಂಥಿನ್ 2 ಮಿಲಿಗ್ರಾಂ ಇರುತ್ತೆ. ಕಣ್ಣು ಚೆನ್ನಾಗಿರೋರಿಗೆ ಅದಲ್ಲ. ಬೀಡಿ ಸಿಗರೇಟು ಸೇದೋರಂತೂ ಬೀಟಾ ಕ್ಯಾರೊಟಿನ್ (ಕ್ಯಾರೆಟ್ಟಿನ ಕಿತ್ತಳೆ ಬಣ್ಣ ಅದೇ) ಮಾತ್ರೆ ಹತ್ತಿರವೂ ಹೋಗಬಾರದು. ಫಿನ್‌ಲೆಂಡಲ್ಲಿ ಸೇದೋ ಗಂಡಸರಿಗೆ ದಿನಾ 20 ಮಿಲಿಗ್ರಾಂ ಕೊಟ್ಟು ನೋಡಿದರೆ ಶ್ವಾಸಕೋಶದ ಕ್ಯಾನ್ಸರ್ ಕಮ್ಮಿಯಾಗೋ ಬದಲು ಜಾಸ್ತಿಯಾಗಿತ್ತು, 1994ರಲ್ಲಿ ಗೊತ್ತಾಗಿದ್ದು. ಸೊಪ್ಪು ತಿಂದೋರಿಗೆ ಅಂಥದ್ದೇನೂ ಇಲ್ಲ.

ಕ್ಯಾರೆಟ್ ತಿಂದರೆ ಕನ್ನಡಕ ಹೋಗುತ್ತೆ ಅಂತ ಮಕ್ಕಳಿಗೆ ಸುಳ್ಳು ಹೇಳಬೇಡಿ, ಹೋಗಲ್ಲ. ಪೊರೆ ಬಂದರೆ ಆಪರೇಷನ್ನೇ. ಸಕ್ಕರೆ ಕಾಯಿಲೆ ಇರೋರು ವರ್ಷಕ್ಕೊಂದು ಸಲ ಕಣ್ಣಿನ ಪರದೆ ತೋರಿಸ್ಕೊಳ್ಳಲೇಬೇಕು, ಬಸ್ಸಾರು ಅದಕ್ಕೆ ಬದಲಲ್ಲ. ಅರವತ್ತು ದಾಟಿದೋರು ಕಿಟಕಿ ಸರಳನ್ನ ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಇನ್ನೊಂದು ಮುಚ್ಚಿ ನೋಡಿ. ನೆಟ್ಟಗಿರೋ ಸರಳು ಡೊಂಕಾಗಿ, ಅಲೆಅಲೆಯಾಗಿ ಕಂಡರೆ ತಡ ಮಾಡಬೇಡಿ, ಕಣ್ಣಿನ ಡಾಕ್ಟರ ಹತ್ತಿರ ಓಡಿ. ನಾನು ದಿನಾ ಸೊಪ್ಪು ಬಸಿಯೋಕೆ ಇಟ್ಟು ಹಾಗೇ ನೋಡ್ತೀನಿ. ಎದುರು ಮನೆ ಯಜಮಾನರು ಆ ಹೊತ್ತಿಗೆ ಮಹಡಿ ಮೇಲೆ ಗಿಡಕ್ಕೆ ನೀರು ಹಾಕ್ತಿರ್ತಾರೆ. ಮೊನ್ನೆ ಮೊಮ್ಮಗ ಹಿಂದಿನಿಂದ ಬಂದು ಕೇಳ್ತಾನೆ, "ಅಜ್ಜಿ, ಯಾರಿಗೆ ಕಣ್ಣು ಹೊಡೀತಿದ್ದೀಯ?"